ರಜೆಯಲ್ಲ, ಬಂದದ್ದು

ಬಜ್ಪೆಯಿಂದ ಕರೆತಂದ ಟ್ಯಾಕ್ಸಿಯವನೇ ಮೊದಲು ಕೇಳಿದ:
‘ಎಷ್ಟು ದಿನ ರಜೆ, ಬಾಯಮ್ಮ?’
ಆಮೇಲೆ ಅಂಗಡಿಯ ವಾಮನಣ್ಣ, ಆಮೇಲೆ ಪಾದ್ರಿ,
ಆಮೇಲೆ ಗೇಟಿನಾಚೆ ನಿಂತೇ
ಹೀರೆಕಾಯಿ ಚಾಚಿದ ಬೆನೆಡಿಕ್ಟಾ.
ರಜೆಯಲ್ಲ, ಬಂದದ್ದು, ಎಂದೆ.
ಬಂದದ್ದು ಕಾಣುತ್ತದಲ್ಲ,
ಹೋಗುವುದು ಯಾವಾಗ, ಎಂದಳು.

ಹದಿನಾಲ್ಕು ವರ್ಷ ನೆತನ್ಯಾದಲ್ಲಿ
ಒಬ್ಬಳೇ ಮುದುಕಿಯ ಬೆನ್ನಿಗಿದ್ದವಳು ನಾನು.
ತ್ಸಿಪೋರಾಳ ಮಾತ್ರೆ, ತ್ಸಿಪೋರಾಳ ಹಲ್ಲಿನ ಸೆಟ್ಟು,
ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಬರುವ ಅವಳ ಮುನಿಸು.
ಎರಡೂ ಕಂಕುಳಿಗೆ ಕೈ ಕೊಟ್ಟು ಎಬ್ಬಿಸುವಾಗ
ಲೆಆತ್, ಲೆಆತ್, ಎನ್ನುತ್ತಿದ್ದೆ.
ಅವಳು ತೀರಿಕೊಂಡ ವಾರಕ್ಕೆ
ನನ್ನ ವೀಸಾ ತೀರಿಕೊಂಡಿತು.

ಇಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆಯೆಂದು
ತಮ್ಮನ ಹೆಂಡತಿಯನ್ನು ಕೇಳಬೇಕು.
ನಾನು ಕಳಿಸಿದ ದುಡ್ಡಿನ ಟೈಲ್ಸಿನ ಮೇಲೆ
ನಾನೇ ಜಾರಿದೆ, ಮೊದಲ ದಿನ.
‘ಹೊಸಬರಿಗೆ ಹಾಗೇ ಆಗುವುದು’ ಎಂದು
ಮುಲಾಮು ತಂದುಕೊಟ್ಟಳು, ಪಾಪ.

ಅಲ್ಲಿ ಎಲ್ಲ ಶಿಸ್ತು, ಇಲ್ಲಿ ಎಲ್ಲ ಗೊಂದಲ ಎಂದು
ಹೇಳಿದರೆ ಸುಳ್ಳಾಗುತ್ತದೆ.
ಅಲ್ಲಿಯವರೂ ಕ್ಯೂ ನಿಲ್ಲುವ ಜಾತಿಯಲ್ಲ.
ಜಗಳ ಮಾಡಿ ಬಸ್ಸು ಹತ್ತಲು ಕಲಿತದ್ದೇ ಅಲ್ಲಿ;
ಇಲ್ಲಿ ಬಾಯಿ ತೆಗೆದರೆ ‘ಫಾರಿನ್ನಿನ ಜೋರು’.
ಅಲ್ಲಿ ಬೇಡ ಅಂದರೆ ಬೇಡ.
ಇಲ್ಲಿ ಬೇಡ ಅನ್ನಲು
ಮೂರು ಸಲ ‘ನೋಡುವ’ ಅನ್ನಬೇಕು.
ನಾದಿನಿಯ ಮಗಳು ‘ಸೀರೆ ಹೇಗಿದೆ ಆಂಟಿ’ ಅಂದಳು,
ಹೇಳಿಬಿಟ್ಟೆ.
ರೋಸ್‌ನ ದಿನ ನನ್ನ ಎಲೆಯ ಹತ್ತಿರ
ಯಾರೂ ಕೂರಲಿಲ್ಲ.

ಮೀನಿನ ಸುಂದರಿಯಕ್ಕ ಬಂಗುಡೆ ನೂರಕ್ಕೆ ಆರು ಎಂದಳು.
ಮನಸ್ಸಿನಲ್ಲೇ ಶೆಕೆಲಿಗೆ ತಿರುಗಿಸಿ, ಅಗ್ಗ ಎಂದು ಕೊಟ್ಟೆ.
ಬುಟ್ಟಿಯ ಮೇಲೆ ಅವಳ ಕೈ ನಿಂತಿತು.
‘ಎಂತ ಬಾಯಮ್ಮ,
ನನ್ನ ಹತ್ತಿರ ಒಂದು ಮಾತೂ ಇಲ್ಲವಾ?’
ಎರಡು ಬಂಗುಡೆ ಹೆಚ್ಚಿಗೆ ಹಾಕಿದಳು,
ಸಿಟ್ಟಿನಲ್ಲಿ.

ಶುಕ್ರವಾರ ಸಂಜೆಯಾದರೆ ಕಿವಿ ಕಾಯುತ್ತದೆ.
ಶಟರುಗಳು ಬೀಳಬೇಕು,
ಕೊನೆಯ ಬಸ್ಸು ಹೋಗಿ ರಸ್ತೆ ಬರಿದಾಗಬೇಕು.
ಕಂಕನಾಡಿಯಲ್ಲಿ ಆ ಹೊತ್ತಿಗೇ
ಹಾರ್ನುಗಳಿಗೆ ಹುಚ್ಚು ಹಿಡಿಯುತ್ತದೆ.
ಆ ಮೌನವನ್ನು ಎಷ್ಟು ಬೈದಿದ್ದೆ ನಾನು,
ಪೂಜೆಗೆ ಹೋಗಲು ಬಸ್ಸಿಲ್ಲ ಎಂದು!
ಈಗ ಕಿಟಕಿ ಮುಚ್ಚಿ,
ತಲೆದಿಂಬು ಕಿವಿಗೊತ್ತಿ,
ಇಷ್ಟೇ ಇಷ್ಟು ಶನಿವಾರ ಮಾಡಿಕೊಳ್ಳುತ್ತೇನೆ.

ಅಲ್ಲಿಯೂ ಕಡಲು ಪಡುವಣಕ್ಕೇ ಇತ್ತು.
ಗಾಲಿಕುರ್ಚಿ ತಳ್ಳಿಕೊಂಡು ಬಂಡೆಯಂಚಿಗೆ ಹೋಗಿ
ಸೂರ್ಯ ನೀರಿಗಿಳಿಯುವಾಗ ಕಣ್ಣು ಕಿರಿದು ಮಾಡಿದರೆ
ತಣ್ಣೀರುಬಾವಿ.
ಮೊನ್ನೆ ತಣ್ಣೀರುಬಾವಿಯಲ್ಲಿ ನಿಂತಿದ್ದೆ.
ಕಣ್ಣು ಕಿರಿದು ಮಾಡಿದ್ದು ನಾನಲ್ಲ,
ಅದೇ ಮಾಡಿಕೊಂಡಿತು.

ನಿನ್ನೆ ಸ್ಟೇಟ್‌ಬ್ಯಾಂಕಿನಿಂದ ಬರುವಾಗ
ನನ್ನ ಮುಂದಿನ ಸೀಟಿನಲ್ಲೊಬ್ಬಳು ಅಜ್ಜಿ,
ಮಡಿಲಲ್ಲಿ ಬಸಳೆಯ ಕಟ್ಟು, ಕೈಯಲ್ಲಿ ಕೊಡೆ.
ನಂತೂರಿನಲ್ಲಿ ಏಳಲು ಹೋದಳು, ಆಗಲಿಲ್ಲ.
ಕಂಡಕ್ಟರ್ ಬಾಗಿಲು ಬಡಿದು
‘ಬೇಗ ಬೇಗ, ಇಳಿಯಿರಿ’ ಎನ್ನುತ್ತಿದ್ದ.
ನಾನು ಏನೂ ಯೋಚಿಸಲಿಲ್ಲ.
ಕೈಗಳು ಹೋದವು, ಎರಡೂ ಕಂಕುಳಿಗೆ,
ಬಾಯಿ ಅದರ ಮಾತು ಅದು ಹೇಳಿತು:
ಲೆಆತ್, ಲೆಆತ್.
‘ಮೆಲ್ಲ ಮಗಾ, ಮೆಲ್ಲ’ ಎಂದಳು ಅಜ್ಜಿ,
ಒಂದಕ್ಷರ ಅರ್ಥವಾಗದೆ
ಅದನ್ನೇ.

ಸೀಟಿ ಊದಿತು. ಬಸ್ಸು ಹೋಯಿತು.
ಬಸಳೆ ಹಿಡಿದುಕೊಂಡು ನಾನೂ ಕೆಳಗೇ ಇದ್ದೆ.
ಅಜ್ಜಿ ಕೊಡೆಯೂರಿ ಉಸಿರು ತಗೊಂಡು
ನನ್ನ ಮುಖ ನೋಡಿದಳು.
ಈಗ ಕೇಳುತ್ತಾಳೆ, ಎಂದುಕೊಂಡೆ.

‘ನಿನ್ನ ಮನೆ ಎಲ್ಲಿ, ಮಗಾ?’

ಇಲ್ಲೇ, ಎಂದೆ.
ಎರಡು ಸ್ಟಾಪು ಮುಂದೆ.