ನಾಲ್ಕನೆಯ ಟ್ರ್ಯಾಕಿನ ಕೆಮ್ಮು

ಕ್ಲೈಪೆಡಾ ಬಂದರಿನ ಹಿಂದೆ, ಮೀನಿಗೆ ಹೊಗೆ ಕೊಡುವವರ ಪಕ್ಕ
ವೈದೋತಾಸನ ರಿಪೇರಿ ಮೇಜು,
ಅದರ ಮೇಲೆ ಮಿಲ್ಡಾಳ ಲ್ಯಾಪ್‌ಟಾಪು.
ಸಿ.ಡಿ. ತಿರುಗುತ್ತಿದೆ. ಅಂಕಿ ಓಡುತ್ತಿದೆ,
ಒಂದು ನಿಮಿಷ ಹನ್ನೆರಡು, ಹದಿಮೂರು.
ದನಿ ಮಾತ್ರ ನಾಪತ್ತೆ.

ಒರೆಸಿದ: ತಟ್ಟೆ ತೊಳೆದಂತೆ ಸುತ್ತಿಸದೆ,
ನಡುವಿನಿಂದ ಅಂಚಿಗೆ, ನೇರ.
ಮಸೂರಕ್ಕೆ ಗಾಳಿ ಊದಿದ.
ಮ್ಯೂಟ್ ನೋಡಿದ, ಎರಡು ಸಲ.
ಪರದೆಯ ಮೂಲೆಯಲ್ಲಿ ಹೆಡ್‌ಫೋನಿನ ಪುಟ್ಟ ಚಿತ್ರ.
‘ಎಲ್ಲಿದೆ ಅದು?’
‘ಹೋದ ವರ್ಷವೇ ಮುರಿಯಿತಲ್ಲ.’

ಟಾರ್ಚು ಬಿಟ್ಟ. ತೂತಿನ ತಳದಲ್ಲಿ
ಅಕ್ಕಿಕಾಳಿನಷ್ಟು ಹಿತ್ತಾಳೆ.
ವರ್ಷವಿಡೀ ಈ ಯಂತ್ರ
ಇಲ್ಲದ ಕಿವಿಗೆ ಹಾಡಿದೆ, ನಿಯತ್ತಾಗಿ.

ಸೂಜಿ, ಒಂದು ಹನಿ ಅಂಟು, ಬಿಗಿಹಿಡಿದ ಉಸಿರು.
ಬಂತು!
ಅಂಗಡಿಯೊಳಗೆ ಇಪ್ಪತ್ತು ವರ್ಷ ಹಿಂದಿನ ಚರ್ಚು,
ಎಲ್ಲರೂ ಬಾಯ್ತೆರೆದು.
‘ಶ್! ಈಗ ಬರುತ್ತೆ. ನಾನೇ ಕೆಮ್ಮಿದ್ದು ಅಂತಾಳೆ ನಮ್ಮಕ್ಕ,
ಇವತ್ತಿಗೂ.’
ಖೊಕ್.
ಮತ್ತೆ ಹಾಕಿಸಿದಳು. ಮತ್ತೆ.

ಆಮೇಲೆ ಚಿಲ್ಲರೆ ಎಣಿಸುತ್ತ, ಅವನ ಮುಖ ನೋಡದೆ:
‘ಗಂಡಸಿನ ಕೆಮ್ಮು, ಅಲ್ಲವಾ?’
ವೈದೋತಾಸ ಸೂಜಿ ಒರೆಸುತ್ತಿದ್ದ.
‘ಹೌದು,’ ಎಂದ. ‘ದಪ್ಪ ಗಂಡಸು.’