ಹಿಂದಿನ ಸಾಲು

ಗೋಣಿಕೊಪ್ಪದ ಆಸ್ಪತ್ರೆ. ಕಪ್ಪು ಗೆರೆಯ ಕಾರ್ಡು
ಒದ್ದೆಯಾಗಿ ಮಸಿ ಹರಡಿತ್ತು.
ಇಂಡೆಂಟ್ ಫಾರಮ್ಮಿನ ಬೆನ್ನಿಗೆ ನಾನೇ ಗೀಚಿದ್ದ,
ಕಾಫಿ ಹೂವಿನ ಮೇಲಿನ ನಾಲ್ಕು ಸಾಲು
ಕೈಗೆ ಸಿಕ್ಕಿತು. ಅದನ್ನೇ ನಿಲ್ಲಿಸಿದೆ
ಗಾಜಿನ ಕೊಳವೆಗಳ ಹಿಂದೆ.

ಪರೀಕ್ಷೆ ಕಷ್ಟದ್ದಲ್ಲ.
ರಕ್ತದಾಚೆಯ ಅಕ್ಷರ ಓದಲು ಬಂದರೆ ಸರಿ,
ಬರದಿದ್ದರೆ ಅನುಮಾನ.

ಮೊದಲ ಕೊಳವೆ ನನ್ನದು,
ಹೋಲಿಕೆಗೆಂದು ಬೆರಳು ಚುಚ್ಚಿಕೊಂಡದ್ದು.
ಕೆಂಪಿನಾಚೆ 'ಬಿಳಿ ಹೂ, ಜೇನಿನ ಸದ್ದು'
ಸಲೀಸಾಗಿ ಓದಿಸಿಕೊಂಡಿತು.
ಅಷ್ಟೇನೂ ಒಳ್ಳೆಯ ಸಾಲಲ್ಲ.

ಎರಡನೆಯದು ಬೊಳ್ಳಿಯದು. ತಿತಿಮತಿ ಕಡೆಯ ಎಸ್ಟೇಟು,
ಲೈನಿನ ಕೊನೆಯ ಮನೆ, ವಯಸ್ಸು ಹತ್ತೊಂಬತ್ತು 'ಇರಬಹುದು'.
ಐದು ನಿಮಿಷಕ್ಕೆ ಕೊಳವೆ ಮಬ್ಬಾಯಿತು.
ಹೂ ಹೋಯಿತು. ಜೇನು ಹೋಯಿತು.
ಕೊನೆಗೆ ಕಾಗದವೇ ಇಲ್ಲದಂತಾಯಿತು.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ:
ದುಂಡಗಿನ ಕಣಗಳ ಸಂತೆಯಲ್ಲಿ
ಅಲ್ಲೊಂದು ಇಲ್ಲೊಂದು ಕುಡುಗೋಲು.
ಹಗಲೆಲ್ಲ ಕಳೆ ಕೊಚ್ಚುವವಳ ಒಳಗೂ
ಯಾರೋ ಕೊಚ್ಚುತ್ತಲೇ ಇದ್ದಾರೆ.

ಮನೆಗೆ ಬಂದರೆ ವಿಭಾಳ ಮುಖ ಊದಿದೆ.
ಉಕ್ತಲೇಖನದಲ್ಲಿ ಹತ್ತಕ್ಕೆ ಒಂಬತ್ತು.
'ಅಮ್ಮನ ತಲೆಯ ಮೇಲೆ ಬಾರ' ಎಂದು ಬರೆದಿದ್ದಾಳೆ,
ತನ್ನ ಹೆಸರಲ್ಲೇ ಇರುವ ಅಕ್ಷರದ
ಹೊಟ್ಟೆ ಸೀಳುವುದು ಮರೆತು.
'ಒಂದೇ ಒಂದು ಗೆರೆ ಅಮ್ಮ, ಅದಕ್ಕೂ ಮಾರ್ಕು ಕಟ್ಟಾ?'

ಅಂಟುವಾಳದ ನೊರೆಯಲ್ಲಿ ಅವಳ ತಲೆ ಉಜ್ಜುತ್ತಾ
ನಾನು ಹೇಳಿದೆ:
ಈ ನೊರೆಯ ಸತ್ವದಂಥದ್ದೇ ನನ್ನ ಬಾಟಲಿಯಲ್ಲೂ ಇದೆ ಮಗಾ,
ರಕ್ತದ ಕಣ ಒಡೆಯುವುದಕ್ಕೆ.
ನೂರ ನಲವತ್ತಾರು ಮಣಿಯ ಸರ,
ಅದರಲ್ಲಿ ಆರನೆಯದೊಂದು ಬದಲಾದರೆ ಸಾಕು,
ಪ್ರಾಣವಾಯು ಇಳಿದೊಡನೆ ಕಣ ಬಾಗುತ್ತದೆ,
ಪುಷ್ಯದ ಚಳಿಗೆ ಕೀಲು ಕೀಲೂ ಹಿಡಿಯುತ್ತದೆ.
ಒಂದು ಗೆರೆ ತಪ್ಪಿ ಮಹಾಪ್ರಾಣ ಅಲ್ಪಪ್ರಾಣವಾದಂತೆ.
'ಅವರಿಗೂ ಹತ್ತು ಸಲ ಬರೆಸ್ತಾರಾ?'
ಅತ್ತೆ ಪೂವಕ್ಕ ಒಲೆಯ ಮುಂದಿನಿಂದ ನಕ್ಕರು.
ನನಗೆ ನಗು ಬರಲಿಲ್ಲ.

ಬರೆಸುತ್ತಾರೆ.
ನಮ್ಮ ಕಡೆ ರೈಟರ್ ಎಂದರೆ ಕವಿಯಲ್ಲ,
ಎಸ್ಟೇಟಿನ ಹಾಜರಿ ಬರೆಯುವವನು.
ನಮ್ಮ ಮನೆಯಲ್ಲಿ ಇಬ್ಬರು ರೈಟರು:
ನಾನು ಫಾರಮ್ಮಿನ ಬೆನ್ನಿಗೆ ಬರೆಯುತ್ತೇನೆ,
ಮೋನಪ್ಪ ಉದ್ದ ಪುಸ್ತಕದಲ್ಲಿ.
ಬೊಳ್ಳಿಯ ಹೆಸರಿನ ಮುಂದೆ
ಸಾಲಾಗಿ ಹನ್ನೊಂದು ಅರ್ಧ ದಿನ.
ಬದಿಯಲ್ಲಿ, ಅವನದೇ ಚೆಂದದ ಅಕ್ಷರ: 'ಮೈಗಳ್ಳಿ.'

ಮೈಸೂರಿನ ವರದಿ ಬಂದ ದಿನ ಅವಳಿಗೆ ಎಲ್ಲ ಹೇಳಿದೆ.
ಸರ, ಮಣಿ, ಮಾತ್ರೆ, ನೀರು ಕುಡಿಯುವುದು, ಚಳಿ.
ಅವಳು ಕೇಳಿದ್ದು ಒಂದೇ:
'ಹಾಗಾದ್ರೆ ನಾನು ಸೋಮಾರಿ ಅಲ್ವಾ?'
ಅಲ್ಲ.
'ಅದನ್ನ ಬರ್ದು ಕೊಡಿ. ರೈಟರಿಗೆ ತೋರ್ಸಕ್ಕೆ.'
ರೈಟರು ನನ್ನ ಮನೆಯವರೆಂದು ಅವಳಿಗೆ ಗೊತ್ತಿತ್ತು.
ಇಬ್ಬರೂ ಸ್ವಲ್ಪ ಹೊತ್ತು
ಅವಳ ತೋಳಿನ ಸೂಜಿಯ ಗುರುತನ್ನೇ ನೋಡಿದೆವು.

ಫಾರಮ್ಮಿನಲ್ಲಿ ಅದಕ್ಕೊಂದು ಕಾಲಮ್ಮಿಲ್ಲ.
ಹಿಮೋಗ್ಲೋಬಿನ್ ಏಳು, ಎಂದು ಬರೆದೆ.
ಷರಾ ಎಂಬಲ್ಲಿ ಪೆನ್ನು ನಿಂತಿತು.
ಎಷ್ಟೋ ವರ್ಷ ಹೂವಿಗೆ, ಮಂಜಿಗೆ ವಿಶೇಷಣ ಹುಡುಕಿದವಳು,
ಒಂದನ್ನೂ ಬಳಸದೆ ಬರೆದೆ:
'ಈಕೆ ಮೈಗಳ್ಳಿ ಅಲ್ಲ.'
ಸಹಿ, ಮೊಹರು.

ಅವತ್ತು ರಾತ್ರಿ ಚೀಟಿ
ಮೋನಪ್ಪನ ಅಂಗಿಯ ಜೇಬಿನಿಂದ ಹೊರಬಂತು.
'ಷರಾದಲ್ಲಿ ಯಾರಾದ್ರೂ ಹೀಗೆ ಬರೀತಾರಾ?'
ಕಡುಬು ತಣ್ಣಗಾಯಿತು. ಅತ್ತೆ ದೀಪದ ಬತ್ತಿ ತೀಡಿದರು.
ದೀಪಕ್ಕೆ ಹಿಡಿದು ಚೀಟಿಯನ್ನು ಮತ್ತೆ ಓದಿದ,
ಕಾಗದದ ಹಿಂದೆಯೂ ಏನಾದರೂ ಇದೆಯೋ ಎಂಬಂತೆ.
ಆಮೇಲೆ ಎದ್ದು ಹಾಜರಿ ಪುಸ್ತಕ ತಂದ,
ಪೆನ್ನಿಗಾಗಿ ತಡಕಾಡಿದ.

ಅದು ವಿಭಾಳ ಕೈಯಲ್ಲಿತ್ತು.
'ತಡಿ ಅಪ್ಪ,' ಎಂದಳು ತಲೆ ಎತ್ತದೆ,
'ಇನ್ನೊಂದು ಭಾರ ಉಳಿದಿದೆ.'