ಕೊನೇ ಅಕ್ಷರ

ಮೊದಲಕ್ಷರ ಜೋಯಿಸರದು.
ಮೃಗಶಿರೆ, ನಾಲ್ಕನೇ ಪಾದ: 'ಕಿ'.
ಅದಕ್ಕೆ ಯಾರೂ ಎದುರಾಡುವುದಿಲ್ಲ.
ಕೊನೇ ಅಕ್ಷರಕ್ಕೆ ಮಾತ್ರ ಮಂಡ್ಯದಲ್ಲಿ ಜೋಯಿಸರಿಲ್ಲ.
ಅದನ್ನು ಅತ್ತೆ, ನಾದಿನಿ, ಮೊಬೈಲು ಸೇರಿ
ಮಾತು ಬಿಡುವಷ್ಟು ಜಗಳವಾಡಿ ತೀರ್ಮಾನಿಸುತ್ತಾರೆ.

ನಗರಸಭೆ, ಜನನ-ಮರಣ ವಿಭಾಗ, ಎರಡನೇ ಕಿಟಕಿ.
ಹತ್ತೊಂಬತ್ತು ವರ್ಷ ಇದೇ ಕುರ್ಚಿ.
ಎಡಗೈ ಕಡೆ ಹುಟ್ಟಿದವರ ಪುಸ್ತಕ,
ಬಲಗೈ ಕಡೆ ಹೋದವರದು.
ಮಧ್ಯಾಹ್ನ ಬುತ್ತಿ ಬಿಚ್ಚುವ ಮುಂಚೆ
ಸುಮ್ಮನೆ ಎರಡರಲ್ಲೂ ಬೆರಳಾಡಿಸುತ್ತೇನೆ,
ಹೆಸರುಗಳ ಬಾಲ ಮಾತ್ರ ನೋಡುತ್ತಾ.

ಹೋದವರು: ನಿಂಗಮ್ಮ, ಬೋರಯ್ಯ, ಚಿಕ್ಕತಾಯಿ,
ಮಾಯಿಗೌಡ, ಕೆಂಪಿ.
ಹುಟ್ಟಿದವರು: ಧನ್ವಿತ್, ಚಿರಾಗ್, ಹೃದಾನ್,
ರಿಷಾನ್, ಮತ್ತೊಬ್ಬ ರಿಷಾನ್.
ಸತ್ತವರೆಲ್ಲ ಬಾಯಿ ತೆರೆದೇ ಇದ್ದಾರೆ,
ಕೂಸುಗಳು ಮುಚ್ಚಿಕೊಂಡಿವೆ.

ನಮ್ಮ ಮಾತಿಗೊಂದು ಹಳೇ ಚಾಳಿ.
ಬಸ್ ಬಂದರೆ ಬಸ್ಸು, ಲೈಟ್ ಬಂದರೆ ಲೈಟು,
ಬಂದ ನೆಂಟರಿಗೆಲ್ಲ ಕೈಗೊಂದು 'ಉ' ಕೊಟ್ಟು
ಜಗಲಿ ಮೇಲೆ ಕೂರಿಸುತ್ತದೆ.
ಮನೇ ಮಕ್ಕಳಿಗೇ ಈಗ ಅದು ಬೇಡವಾಗಿದೆ.

ಇವತ್ತು ಬೆಳಿಗ್ಗೆ ಒಬ್ಬ ಹುಡುಗ ಕಾಗದ ಚಾಚಿದ. ಕಿಯಾನ್.
ಅರ್ಥಕ್ಕೆ ನಮ್ಮಲ್ಲಿ ಕಾಲಮ್ಮಿಲ್ಲ. ಆದರೂ ಕೇಳುತ್ತೇನೆ.
'ಮೂರಿದೆ ಸಾರ್. ಪರ್ಷಿಯಾದಲ್ಲಿ ರಾಜರು,
ಐರ್ಲೆಂಡಲ್ಲಿ ಪುರಾತನ, ಸಂಸ್ಕೃತದಲ್ಲಿ ದೇವರ ಕೃಪೆ.'
ಸಂಸ್ಕೃತದ್ದರ ಮೇಲೆ ನನಗೆ ಗುಮಾನಿ. ಸುಮ್ಮನಾದೆ.
ಅವನ ಹೆಂಡತಿಯ ತೋಳಲ್ಲಿ, ಹಸಿರು ಟವೆಲಿನೊಳಗೆ,
ಇಪ್ಪತ್ತೆರಡು ದಿನದ ಪುರಾತನ ಆಕಳಿಸಿತು.

ಗೋಡೆಗೊರಗಿದ್ದ ಮುದುಕಿ ಮುಂದೆ ಬಂದಳು.
ಕೀಲಾರದ ಸಾಕಮ್ಮ, ಕೂಸಿನ ಮುತ್ತಜ್ಜಿ.
'ಸ್ವಾಮಿ, ಕೊನೇಲಿ ಏನಾರ ಒಂದು ಸೇರ್ಸಿ.
ನಾಲೆ ಆಚೆ ದಡದಲ್ಲಿ ಮೊಗ ಆಡ್ತಿರ್ತದೆ,
ಈಚೆ ದಡದಿಂದ ಕೂಗ್ಬೇಕು. ಎಂಗ್ ಕೂಗ್ಲಿ?
ಕಿಯಾನ್ ಅಂದ್ರೆ ನಾಲ್ಗೆ ಅಲ್ಲೇ ಅಂಟ್ಕತದೆ,
ಸದ್ದು ಮೂಗಲ್ಲೇ ಕುಂತ್ಕತದೆ.
ನೀರು ದಾಟಲ್ಲ.'

'ಫೋನ್ ಮಾಡಣ ಬುಡಜ್ಜಿ' ಅಂದ ಹುಡುಗ.

'ನಿಮ್ಮ ಹೆಸರಿಗೇನರ್ಥ ಅಮ್ಮಾ?'
'ನಾನು ಆರ್ನೇ ಎಣ್ಣು. ನಮ್ಮಪ್ಪ ಸಾಕು ಅಂದ.
ನಮ್ಮವ್ವನ ಕಿವಿ ಏನೂ ಕೆಟ್ಟಿರ್ಲಿಲ್ಲ,
ಆದ್ರೂ ಸಾಕು ಅಂದ್ರೆ ಸಾಕ್ಬೇಕು ಅಂತ್ಲೇ ತಿಳ್ಕಂಡ್ಲು.
ಸಾಕುದ್ಲು.'

ಕಂಪ್ಯೂಟರಿನಲ್ಲಿ 'ನ' ಬರಲು ಒಂದು ಕೀಲಿ,
ಅದರ ಉಸಿರು ನಿಲ್ಲಿಸಲು ಇನ್ನೊಂದು.
ಕಿ, ಯಾ, ನ. ಬೆರಳು ತಡೆಯಿತು.
ಅರೆಗಳಿಗೆ ಪರದೆಯ ಮೇಲೆ ಕಿಯಾನ
ನಮ್ಮೂರ ಹುಡುಗನ ಹಾಗೇ ನಿಂತಿದ್ದ,
ಚಡ್ಡಿಗೆ ಕೆಸರು ಹತ್ತಿಸಿಕೊಂಡು.
ಕಿಟಕಿಯಾಚೆ ಅಪ್ಪನ ಕಣ್ಣು.
ತಪ್ಪಾದರೆ ಅಫಿಡವಿಟ್ಟು, ಮತ್ತೆ ಅವನಿಗೇ ಓಡಾಟ.
ಒತ್ತಿದೆ. ನ-ದ ಹೆಗಲ ಮೇಲೆ ಕೊಕ್ಕೆ ಬಿತ್ತು.

ಅವರು ರಶೀದಿ ಮಡಚುವಾಗ ಮುದುಕಿ
ಕಾರಿಡಾರಿನಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದಳು:
ಕಿಯಾನೂ... ಕಿಯಾನೋ... ಕಿಯಾನಾ...
ಮೂರನೆಯದಕ್ಕೆ ಮೆಟ್ಟಿಲ ಬಳಿಯ ಜವಾನ
ಯಾರನ್ನೋ ಕರೆದರೆಂದು ಎದ್ದು ಬಂದ.

ಹೋಗುವವಳು ತಿರುಗಿ ಕೇಳಿದಳು:
'ನಿನ್ನೆಸ್ರೇನಪ್ಪಾ?'
ಮೇಜಿನ ಫಲಕದಲ್ಲಿ ಜಯರಾಜ್ ಅಂತಿದೆ,
ಹತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ತಿದ್ದಿದ್ದು.
ಅವಳಿಗೆ ಓದು ಬಾರದು. ಅಂದರೂ ನಡೆಯುತ್ತಿತ್ತು.
'ಜವರಯ್ಯ' ಅಂದೆ.

ಅರ್ಥ ಕೇಳಲಿಲ್ಲ ಅವಳು.
'ನಿನ್ಗಿಂತ ಮುಂಚೆ ಎಷ್ಟೋದೊ?'
'ಎರಡು.'
ಸೆರಗಿನ ತುದಿಯಲ್ಲಿ ಬಾಯಿ ಒರೆಸಿಕೊಂಡು,
ಬಲಗೈ ಕಡೆಯ ಪುಸ್ತಕ ನೋಡಿ,
'ಊಂ,' ಅಂದಳು, 'ಉಳ್ಕಂಡೆ ಬುಡು.'